ವೈವಿಧ್ಯ, ಸಾಮಾಜಿಕ ನ್ಯಾಯ ಕಲಿಸಲು ಕ್ಲಾಸಿನಲ್ಲಿ ಏನು ಬಳಸುತ್ತೀರಿ? (11–12 ವಯಸ್ಸಿನ ಮಕ್ಕಳಿಗೆ)

ಆರನೇ ಕ್ಲಾಸ್ ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನಿಂದ ಒಂದು ತಪ್ಪಾಗಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಪ್ರಶ್ನೆ.

ಕಳೆದ ತಿಂಗಳು ವೈವಿಧ್ಯದ ಬಗ್ಗೆ ಒಂದು ಪಾಠ ಮಾಡಿದೆ. ಕ್ಲಾಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗ ಇದ್ದಾನೆ. ಅವನ ಮನೆಮಾತು ಬೇರೆ. ಅವನನ್ನು ಎಬ್ಬಿಸಿ, "ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಪ್ಪ, ನಾವೆಲ್ಲ ಕೇಳ್ತೀವಿ" ಅಂದೆ. ಅವನಿಗೆ ಮರ್ಯಾದೆ ಸಿಗಲಿ ಅಂತಲೇ ಹಾಗೆ ಮಾಡಿದ್ದು. ಅವನು ಎರಡು ಮಾತು ಹೇಳಿದ. ಹಿಂದಿನ ಬೆಂಚಿನಿಂದ ಯಾರೋ ಅಣಕಿಸಿದರು. ಇಡೀ ಕ್ಲಾಸ್ ನಕ್ಕಿತು. ಅವತ್ತಿನಿಂದ ಆ ಹುಡುಗ ಕೈ ಎತ್ತುತ್ತಿಲ್ಲ. ಹಾಜರಿ ಕರೆದಾಗ ಮಾತ್ರ ಬಾಯಿ ಬಿಡುತ್ತಾನೆ.

ನನ್ನ ಹತ್ತಿರ ಇರುವುದು ಒಂದು ಚಾರ್ಟ್. ಭೂಗೋಳದ ಸುತ್ತ ಬೇರೆ ಬೇರೆ ಬಣ್ಣದ ಮಕ್ಕಳು ಕೈ ಹಿಡಿದು ನಿಂತಿರುವ ಚಿತ್ರ. ಅದನ್ನು ತೋರಿಸಿ 'ಎಲ್ಲರೂ ಒಂದೇ' ಅಂದರೆ ಮಕ್ಕಳು ತಲೆ ಆಡಿಸುತ್ತಾರೆ. ಮುಂದಿನ ತಿಂಗಳು ಎಂಟು ಪೀರಿಯಡ್ ಸಿಗುತ್ತದೆ. 34 ಮಕ್ಕಳು. ಈ ಸಲ ಸರಿಯಾಗಿ ಮಾಡಬೇಕು. ನೀವು ನಿಜವಾಗಿ ಕ್ಲಾಸಿನಲ್ಲಿ ಬಳಸಿದ ಸಾಮಗ್ರಿ ಇದ್ದರೆ ಹೇಳಿ.

ಲೈಬ್ರರಿ ನೋಡಿಕೊಳ್ಳುವವಳು

ಮೇಡಂ, ತಪ್ಪನ್ನು ಮೊದಲೇ ಹೇಳಿದ್ದಕ್ಕೆ ಧನ್ಯವಾದ. ನಮ್ಮಲ್ಲಿ ತುಂಬಾ ಜನ ಇದೇ ತಪ್ಪು ಮಾಡಿದ್ದೇವೆ.

ಹೊಸದೇನೂ ಕೊಳ್ಳುವ ಮೊದಲು ನಿಮ್ಮ ಕ್ಲಾಸಿನ ಪುಸ್ತಕದ ಕಪಾಟನ್ನೇ ಪಾಠ ಮಾಡಿ. ರೂಡೀನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ಪ್ರಾಧ್ಯಾಪಕಿ 1990ರಲ್ಲಿ ಒಂದು ಮಾತು ಹೇಳಿದರು. ಮಗುವಿಗೆ ಪುಸ್ತಕ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು. ಕನ್ನಡಿಯಲ್ಲಿ ತನ್ನನ್ನು ಕಾಣಬೇಕು, ಕಿಟಕಿಯಲ್ಲಿ ಬೇರೆಯವರನ್ನು. ಕೆಲವು ಮಕ್ಕಳಿಗೆ ಬರೀ ಕನ್ನಡಿ ಸಿಗುತ್ತದೆ, ಕೆಲವರಿಗೆ ಬರೀ ಕಿಟಕಿ. ಎರಡೂ ನಷ್ಟವೇ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು 1985ರಲ್ಲಿ ಒಂದು ಲೆಕ್ಕ ಹಾಕಿದರು. ಆ ವರ್ಷ ಅಮೆರಿಕದಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಲೇಖಕರು, ಚಿತ್ರಕಾರರು ಮಾಡಿದ್ದು 18 ಮಾತ್ರ. ಆ ಎಣಿಕೆ ಅಲ್ಲಿಗೆ ನಿಲ್ಲಲಿಲ್ಲ, ವರ್ಷ ವರ್ಷ ಮುಂದುವರಿಯಿತು. ಇದನ್ನು ಮಕ್ಕಳಿಗೆ ಹೇಳಿ, ನಿಮ್ಮ ಕಪಾಟನ್ನು ಅವರಿಂದಲೇ ಎಣಿಸಿ. ನಾನು ಕೊಡುವ ಪ್ರಶ್ನೆಗಳು ಸರಳ. ಕಥೆಯಲ್ಲಿ ತೀರ್ಮಾನ ಮಾಡುವವರು ಯಾರು? ಸಹಾಯ ಪಡೆಯುವವರು ಯಾರು? ನಗೆಪಾಟಲಿಗೆ ಬರುವವರು ಯಾರು? ಹೆಸರೇ ಇಲ್ಲದವರು ಯಾರು?

ಕೊನೆಯ ಪ್ರಶ್ನೆಗೆ ಬಂದಾಗ ಕ್ಲಾಸ್ ಮೌನ ಆಗುತ್ತದೆ. 'ಕೆಲಸದವಳು', 'ಕಾವಲುಗಾರ', 'ಕುಂಟ' ಅಂತಲೇ ಇರುವ ಪಾತ್ರಗಳನ್ನು ಮಕ್ಕಳು ಒಂದೊಂದಾಗಿ ಹೆಕ್ಕಿ ತೆಗೆಯುತ್ತಾರೆ. ಈ ಪಾಠದಲ್ಲಿ ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಬೇಕಾಗಿಲ್ಲ. ಎಲ್ಲರ ಕಣ್ಣೂ ಪುಸ್ತಕದ ಮೇಲೆ ಇರುತ್ತದೆ.

ಸಮಾಜ ಮೇಷ್ಟ್ರು

ಪುಸ್ತಕ ಎಣಿಸುವುದು ಒಳ್ಳೆಯದೇ. ಆದರೆ ಅಣಕಿಸಿದ ಮಕ್ಕಳಿಗೆ ಅದರಿಂದ ಚುರುಕು ಮುಟ್ಟುತ್ತದಾ? ನನಗೆ ನಂಬಿಕೆ ಇಲ್ಲ. ನೋವು ಅನುಭವಕ್ಕೆ ಬರಬೇಕು.

1968ರ ಏಪ್ರಿಲ್ 4ರಂದು, ಅಮೆರಿಕದಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಮರುದಿನ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜೇನ್ ಎಲಿಯಟ್ ಎಂಬ ಟೀಚರ್ ಮೂರನೇ ಕ್ಲಾಸಿನ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದರು. ಒಂದು ಗುಂಪು ಮೇಲು, ಇನ್ನೊಂದು ಕೀಳು. ಆಮೇಲೆ ಅದನ್ನು ತಿರುಗಿಸಿದರು. ಮೇಲು ಅನಿಸಿಕೊಂಡ ಮಕ್ಕಳು ಬೇಗನೆ ಸ್ನೇಹಿತರನ್ನೇ ಹೀಯಾಳಿಸಲು ಶುರು ಮಾಡಿದರು. ಕೀಳು ಅನಿಸಿಕೊಂಡ ದಿನ ಅದೇ ಮಕ್ಕಳು ಓದಿನಲ್ಲೂ ಹಿಂದೆ ಬಿದ್ದರು. ನಾನು ಇದರ ಸಣ್ಣ ರೂಪ ಒಂದನ್ನು ಮಾಡಿಸಿದ್ದೇನೆ. ಮಕ್ಕಳು ವರ್ಷಗಟ್ಟಲೆ ನೆನಪಿಟ್ಟುಕೊಂಡಿದ್ದಾರೆ.

ಐದನೇ ಕ್ಲಾಸ್ ಹುಡುಗಿಯ ಅಪ್ಪ

ಮೇಷ್ಟ್ರೇ, ಕ್ಷಮಿಸಿ. ಇದನ್ನು ದಯವಿಟ್ಟು ಮಾಡಬೇಡಿ.

ನನ್ನ ಮಗಳ ಶಾಲೆಯಲ್ಲಿ 'ಒಂದು ಹೆಜ್ಜೆ ಮುಂದೆ' ಅಂತ ಒಂದು ಆಟ ಆಡಿಸಿದರು. ಮಕ್ಕಳು ಸಾಲಾಗಿ ನಿಲ್ಲಬೇಕು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಒಂದು ಹೆಜ್ಜೆ ಮುಂದೆ. ಅಪ್ಪ ಅಮ್ಮ ಕಾಲೇಜು ಓದಿದ್ದರೆ ಇನ್ನೊಂದು ಹೆಜ್ಜೆ. ಸ್ವಂತ ಕೋಣೆ ಇದ್ದರೆ ಮತ್ತೊಂದು. ನನ್ನ ಮಗಳು ಕೊನೆಯವರೆಗೂ ನಿಂತಲ್ಲೇ ನಿಂತಿದ್ದಳು. ಮುಂದೆ ಹೋದ ಮಕ್ಕಳು ತಿರುಗಿ ನೋಡಿದರು. ಅವರಿಗೆ ಅದೊಂದು ಪಾಠ ಆಗಿರಬಹುದು. ನನ್ನ ಮಗಳಿಗೆ ಗೊತ್ತಿರದ ಯಾವ ವಿಷಯ ಅವತ್ತು ಗೊತ್ತಾಯಿತು ಹೇಳಿ? ಮನೆಗೆ ಬಂದು, "ಅಪ್ಪ, ನೀನು ಯಾಕೆ ಓದಲಿಲ್ಲ?" ಅಂತ ಕೇಳಿದಳು.

ಇನ್ನೊಬ್ಬರು ಕಲಿಯಲಿ ಅಂತ ನನ್ನ ಮಗುವನ್ನು ಉದಾಹರಣೆ ಮಾಡಬೇಡಿ. ನನ್ನ ಬೇಡಿಕೆ ಇಷ್ಟೇ.

ಹೆಸರು ಬೇಡ

ಅಪ್ಪ ಅವರು ಹೇಳಿದ್ದು ಓದಿ ನನಗೂ ಬರೆಯಬೇಕು ಅನಿಸಿತು. ನಾನು ಟೀಚರ್ ಅಲ್ಲ.

ಅಂಬೇಡ್ಕರ್ ಅವರ ಬಾಲ್ಯದ ಪಾಠ ಎಲ್ಲರಿಗೂ ಗೊತ್ತು. ಅವರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಶಾಲೆಯ ಜವಾನ ಬಂದು ನೀರು ಹೊಯ್ದರೆ ಮಾತ್ರ ನೀರು. ಆ ಪಾಠ ನಡೆದ ದಿನ ನಮ್ಮ ಕ್ಲಾಸಿನಲ್ಲಿ ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ಮೇಷ್ಟ್ರು ಒಳ್ಳೆಯವರೇ. ಪ್ರೀತಿಯಿಂದ, "ನಿಂಗೆ ಏನನ್ಸುತ್ತೆ, ಹೇಳು" ಅಂದರು. ನಾನು ಏನೂ ಹೇಳಲಿಲ್ಲ. ಆ ಪುಟದ ಮೂಲೆಯನ್ನು ಮಡಚುತ್ತಾ ಕೂತಿದ್ದೆ.

ಅವತ್ತು ಅವರು ಬೇರೆ ಪ್ರಶ್ನೆ ಕೇಳಬಹುದಿತ್ತು. ಆ ನಿಯಮ ಮಾಡಿದವರು ಯಾರು? ಪಕ್ಕದಲ್ಲಿ ಕೂತ ಮಕ್ಕಳು ಯಾಕೆ ಸುಮ್ನೆ ಇದ್ದರು? ಜವಾನ ರಜೆ ಹಾಕಿದ ದಿನ ನೀರು ಕೊಡುವುದನ್ನು ತಡೆದದ್ದು ಏನು? ಆ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಉಳಿದ ಮಕ್ಕಳು. ನಾನು ಕೇಳಿಸಿಕೊಳ್ಳುತ್ತಾ ಕೂರಬಹುದಿತ್ತು.

ಸಮಾಜ ಮೇಷ್ಟ್ರು

ಎರಡು ದಿನ ಇದನ್ನೇ ಯೋಚಿಸಿದೆ. ನಾನು ಮಾಡಿಸಿದ ಆಟವನ್ನು ಮಕ್ಕಳು ನೆನಪಿಟ್ಟುಕೊಂಡಿದ್ದಾರೆ ಅಂದೆನಲ್ಲ, ಯಾವ ಮಗು ಹೇಗೆ ನೆನಪಿಟ್ಟುಕೊಂಡಿದೆ ಅಂತ ನಾನು ಕೇಳಲೇ ಇಲ್ಲ. ಇನ್ನು ಆ ಆಟ ಆಡಿಸುವುದಿಲ್ಲ. ಎಲಿಯಟ್ ಅವರ ಕಥೆಯನ್ನು ಕಥೆಯಾಗಿ ಹೇಳಬಹುದು. 'ಅವರು ಮಾಡಿದ್ದು ಸರಿಯಾ?' ಎಂಬ ಪ್ರಶ್ನೆಯನ್ನೇ ಮಕ್ಕಳಿಗೆ ಬಿಡಬಹುದು. ಹನ್ನೊಂದು ವರ್ಷದವರು ಅದರ ಮೇಲೆ ಚೆನ್ನಾಗಿ ವಾದ ಮಾಡುತ್ತಾರೆ.

ಅದರ ಬದಲು ನಾನು ಕೈ ಹಾಕುವುದು ಮಾಂಟ್‌ಗಮರಿ ಬಸ್ ಬಹಿಷ್ಕಾರಕ್ಕೆ. ಅಮೆರಿಕದ ಆ ಊರಿನ ಬಸ್ಸುಗಳಲ್ಲಿ ಕಪ್ಪು ಜನ ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕಿತ್ತು. ಸಾಮಾನ್ಯವಾಗಿ ಹೇಗೆ ಹೇಳುತ್ತೇವೆ? ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಹೆಂಗಸು ದಣಿದಿದ್ದರು, ಸೀಟು ಬಿಡಲಿಲ್ಲ, ಕಾನೂನು ಬದಲಾಯಿತು. ಹಾಗೆ ಹೇಳಿದರೆ ಮಗುವಿಗೆ ಉಳಿಯುವುದು ಒಬ್ಬ ಧೀರೆಯ ಕಥೆ ಮಾತ್ರ.

ನಡೆದದ್ದು ಬೇರೆ. ಪಾರ್ಕ್ಸ್ ಆ ಹೊತ್ತಿಗಾಗಲೇ ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅವರಿಗಿಂತ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಅದೇ ಊರಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಸೀಟು ಬಿಡಲು ಒಪ್ಪದೆ ಬಂಧನಕ್ಕೆ ಒಳಗಾಗಿದ್ದಳು. ಡಿಸೆಂಬರ್ 1ರಂದು ಪಾರ್ಕ್ಸ್ ಬಂಧನ ಆಯಿತು. ಆ ರಾತ್ರಿ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಇಬ್ಬರು ವಿದ್ಯಾರ್ಥಿಗಳ ಜೊತೆ ಕೂತು ಕಾಲೇಜಿನ ಯಂತ್ರದಲ್ಲೇ ಸಾವಿರಾರು ಕರಪತ್ರ ಅಚ್ಚು ಹಾಕಿದರು. ಬೆಳಗಾಗುವಷ್ಟರಲ್ಲಿ ಕಟ್ಟುಗಳು ತಯಾರಾಗಿದ್ದವು. ಡಿಸೆಂಬರ್ 5ರಿಂದ 381 ದಿನ ಜನ ಬಸ್ ಹತ್ತಲಿಲ್ಲ. ನಡೆದರು, ಕಾರು ಹಂಚಿಕೊಂಡರು. ಕೋರ್ಟಿನಲ್ಲಿ ಗೆದ್ದ ಮೊಕದ್ದಮೆಯಲ್ಲಿ ಪಾರ್ಕ್ಸ್ ಹೆಸರೇ ಇಲ್ಲ. ಅದರಲ್ಲಿದ್ದ ನಾಲ್ವರು ಹೆಂಗಸರಲ್ಲಿ ಒಬ್ಬಳು ಅದೇ ಕಾಲ್ವಿನ್. 1956ರ ನವೆಂಬರ್ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾದ ತೀರ್ಪನ್ನು ಎತ್ತಿಹಿಡಿಯಿತು.

381 ದಿನ ನಡೆಯುವುದು ಅಂದರೆ ಏನು ಅಂತ ಮಕ್ಕಳಿಂದ ಲೆಕ್ಕ ಹಾಕಿಸಿ. ದಿನಕ್ಕೆ ಐದು ಕಿಲೋಮೀಟರ್ ಅಂದುಕೊಂಡರೂ 1,905 ಕಿಲೋಮೀಟರ್. ಚಪ್ಪಲಿ ಎಷ್ಟು ಜೊತೆ ಸವೆದಿರಬಹುದು ಅಂತ ಒಬ್ಬ ಹುಡುಗ ಕೇಳಿದ್ದ. ಆ ಪ್ರಶ್ನೆಯನ್ನು ನಾನು ಈಗ ಪ್ರತಿ ವರ್ಷ ಕೇಳುತ್ತೇನೆ.

ಗಣಿತ ಮೇಡಂ

ನಾನು ಗಾಲಿಕುರ್ಚಿ ಬಳಸುತ್ತೇನೆ. ಅಂಗವಿಕಲತೆಯ ಪಾಠ ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದು, ಹತ್ತು ನಿಮಿಷ ಕುರ್ಚಿಯಲ್ಲಿ ಕೂರಿಸುವುದು ಅಂತ ಆಗಿಬಿಟ್ಟಿದೆ. ಅದರಿಂದ ಮಕ್ಕಳು 'ಅಯ್ಯೋ ಪಾಪ' ಕಲಿಯುತ್ತಾರೆ. ಹತ್ತು ನಿಮಿಷದಲ್ಲಿ ನನ್ನ ಅಭ್ಯಾಸ, ನನ್ನ ಚಾಕಚಕ್ಯತೆ ಯಾವುದೂ ಅವರಿಗೆ ಬರುವುದಿಲ್ಲ. ಕಷ್ಟ ಮಾತ್ರ ಕಾಣುತ್ತದೆ.

ಬೇಲಿಯ ಹಿಂದೆ ಮೂವರು ಪೆಟ್ಟಿಗೆ ಹತ್ತಿ ಪಂದ್ಯ ನೋಡುವ ಚಿತ್ರ ಎಲ್ಲರೂ ನೋಡಿದ್ದೀರಲ್ವಾ? 2012ರಲ್ಲಿ ಕ್ರೇಗ್ ಫ್ರೋಲಿ ಎಂಬವರು ಮಾಡಿದ್ದು ಅದರ ಮೊದಲ ರೂಪ. ಎಲ್ಲರಿಗೂ ಒಂದೊಂದೇ ಪೆಟ್ಟಿಗೆ ಕೊಟ್ಟರೆ ಕುಳ್ಳ ಮಗುವಿಗೆ ಪಂದ್ಯ ಕಾಣುವುದಿಲ್ಲ, ಆ ಮಗುವಿಗೆ ಎರಡು ಕೊಟ್ಟರೆ ಕಾಣುತ್ತದೆ. ಸಮಾನತೆಗೂ ನ್ಯಾಯಕ್ಕೂ ಇರುವ ವ್ಯತ್ಯಾಸ ಹೇಳಲು ಒಳ್ಳೆಯ ಚಿತ್ರವೇ. ಆದರೆ ಅದರಲ್ಲಿ ಮಗು ಕುಳ್ಳಗಿರುವುದೇ ಸಮಸ್ಯೆ ಅನ್ನುವಂತೆ ಕಾಣುತ್ತದೆ. ನಾನು ಚಿತ್ರ ಕೊಟ್ಟು, 'ಬೇಲಿ ಯಾರು ಕಟ್ಟಿದರು? ಯಾರ ಎತ್ತರ ನೋಡಿ ಕಟ್ಟಿದರು?' ಅಂತ ಕೇಳುತ್ತೇನೆ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯುತ್ತದೆ.

ಆಮೇಲೆ ಟೇಪು ಹಿಡಿದು ಹೊರಗೆ ಹೋಗುತ್ತೇವೆ. ಇಳಿಜಾರಿನ ದಾರಿಗೆ ತುಂಬಾ ಕಡೆ ಒಪ್ಪಿರುವ ಅಳತೆ 1:12. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇರಬೇಕು. ಮಕ್ಕಳು ಶಾಲೆಯ ಇಳಿಜಾರನ್ನು ಅಳೆಯುತ್ತಾರೆ, ಬಾಗಿಲ ಅಗಲ ಅಳೆಯುತ್ತಾರೆ, ನಲ್ಲಿಯ ಎತ್ತರ ಅಳೆಯುತ್ತಾರೆ. ಅನುಪಾತದ ಪಾಠವೂ ಆಯಿತು. ನನ್ನನ್ನು ಯಾರೂ ಏನೂ ಕೇಳಬೇಕಾಗಿಲ್ಲ. ಗೋಡೆ, ಮೆಟ್ಟಿಲುಗಳೇ ಎಲ್ಲ ಹೇಳುತ್ತವೆ.

ಜೂಡಿತ್ ಹ್ಯೂಮನ್ ಅವರ ಕಥೆಯನ್ನೂ ಹೇಳಿ. 1947ರಲ್ಲಿ ಹುಟ್ಟಿದವರು, ಪೋಲಿಯೊ ಆಗಿತ್ತು. ಗಾಲಿಕುರ್ಚಿ ಬಳಸುತ್ತಿದ್ದರು. ಐದು ವರ್ಷದವರಿದ್ದಾಗ ಶಾಲೆಗೆ ಹೋದರೆ, ಬೆಂಕಿ ಬಿದ್ದರೆ ಇವಳಿಂದ ಅಪಾಯ ಅಂತ ಹೇಳಿ ವಾಪಸ್ ಕಳಿಸಿದರು. ದೊಡ್ಡವರಾಗಿ ಟೀಚರ್ ಆಗಲು ಹೋದರೆ ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಕೊಡಲಿಲ್ಲ. 1970ರಲ್ಲಿ ಕೋರ್ಟಿಗೆ ಹೋಗಿ ಪಡೆದರು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡವೊಂದರಲ್ಲಿ ಅಂಗವಿಕಲರ ಹಕ್ಕಿನ ಕಾನೂನನ್ನು ಜಾರಿ ಮಾಡಿ ಅಂತ ನೂರಕ್ಕೂ ಹೆಚ್ಚು ಜನ ಮೂರು ವಾರಕ್ಕೂ ಜಾಸ್ತಿ ಕೂತು ಧರಣಿ ಮಾಡಿದರು. ಹ್ಯೂಮನ್ ಮುಂದಾಳುಗಳಲ್ಲಿ ಒಬ್ಬರು. ಧರಣಿ ಕೂತವರಿಗೆ ಊಟ ತಂದುಕೊಟ್ಟವರು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು. ಒಂದು ಹೋರಾಟದವರು ಇನ್ನೊಂದು ಹೋರಾಟಕ್ಕೆ ಊಟ ಹೊತ್ತು ತಂದರು ಎಂಬ ಸಂಗತಿ ಮಕ್ಕಳಿಗೆ ತುಂಬಾ ಹಿಡಿಸುತ್ತದೆ.

ವಿಜ್ಞಾನ ಮೇಷ್ಟ್ರು

ನನ್ನದು ಚಿಕ್ಕದು. ಒಂದು ಖಾಲಿ ಹಾಳೆ ಕೊಟ್ಟು 'ವಿಜ್ಞಾನಿಯ ಚಿತ್ರ ಬರೆಯಿರಿ' ಅನ್ನಿ. ಬೇರೇನೂ ಹೇಳಬೇಡಿ. ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳ ಚಿತ್ರಗಳಿದ್ದವು. ಹೆಣ್ಣು ವಿಜ್ಞಾನಿ ಇದ್ದದ್ದು 28ರಲ್ಲಿ ಮಾತ್ರ. ಆ 28ನ್ನೂ ಬರೆದವರು ಹುಡುಗಿಯರೇ. ಕ್ಲಾಸಿನ ಚಿತ್ರಗಳನ್ನು ಗೋಡೆಗೆ ಹಚ್ಚಿ ಮಕ್ಕಳೇ ಎಣಿಸಲಿ. ಹೆಸರು ಹಿಂಬದಿಗೆ ಬರೆಸಿ, ಯಾರದು ಯಾವುದು ಅಂತ ಗೊತ್ತಾಗಬಾರದು.

ಭೂಗೋಳದವನು

ನನ್ನ ಕಡೆಯಿಂದ ಒಂದು ನಕ್ಷೆ. ಗೋಡೆ ಮೇಲೆ ತೂಗುವ ನಕ್ಷೆಗಳಲ್ಲಿ ಹಲವು 1569ರ ಮರ್ಕೇಟರ್ ಪದ್ಧತಿಯವು. ಅದನ್ನು ಮಾಡಿದ್ದು ನಾವಿಕರಿಗಾಗಿ. ದಿಕ್ಸೂಚಿಯ ದಿಕ್ಕು ಅದರಲ್ಲಿ ನೇರ ಗೆರೆ ಆಗುತ್ತದೆ. ಬದಲಿಗೆ ಧ್ರುವದ ಹತ್ತಿರದ ನೆಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಪಕ್ಕದಲ್ಲಿ 2018ರಲ್ಲಿ ಬಂದ, ದೇಶಗಳ ವಿಸ್ತೀರ್ಣವನ್ನು ಸರಿಯಾದ ಪ್ರಮಾಣದಲ್ಲಿ ತೋರಿಸುವ ಈಕ್ವಲ್ ಅರ್ಥ್ ನಕ್ಷೆ ಇಟ್ಟು ನೋಡಿಸಿ. 'ಯಾರ ಕೆಲಸಕ್ಕೆ ಮಾಡಿದ್ದು?' ಎಂಬ ಪ್ರಶ್ನೆಗೆ ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಇನ್ನೊಂದು, ಗ್ಯಾಪ್‌ಮೈಂಡರ್ ಎಂಬ ಸಂಸ್ಥೆಯವರ ಡಾಲರ್ ಸ್ಟ್ರೀಟ್ ವೆಬ್‌ಸೈಟ್. ಹತ್ತಾರು ದೇಶಗಳ ನೂರಾರು ಮನೆಗಳ ಫೋಟೊಗಳು, ಆದಾಯದ ಸಾಲಿನಲ್ಲಿ. ಪುಕ್ಕಟೆ ಸಿಗುತ್ತದೆ. ಹಲ್ಲುಜ್ಜುವ ಬ್ರಷ್, ಹಾಸಿಗೆ, ಒಲೆ, ಆಟಿಕೆ ಎಲ್ಲ ಇದೆ. ಬೇರೆ ಬೇರೆ ಖಂಡದಲ್ಲಿದ್ದರೂ ಒಂದೇ ಆದಾಯದ ಮನೆಗಳು ಎಷ್ಟು ಹೋಲುತ್ತವೆ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. ವೇಷ ಹಾಕಿಸಿ ಕುಣಿಸುವ 'ಸಂಸ್ಕೃತಿ ದಿನ'ಕ್ಕಿಂತ ಇದು ನೂರು ಪಾಲು ಮೇಲು. ಒಂದೇ ಎಚ್ಚರಿಕೆ: 'ನಿಮ್ಮ ಮನೆ ಇದರಲ್ಲಿ ಎಲ್ಲಿ?' ಅಂತ ಮಾತ್ರ ಕೇಳಬೇಡಿ.

ಎರಡನೇ ವರ್ಷದ ಟೀಚರ್

ಇದೆಲ್ಲ ಮಾಡಬೇಕು ಅಂತ ಆಸೆ ಇದೆ. ಆದರೆ ಹೋದ ವರ್ಷ ಒಬ್ಬ ಪೋಷಕರು ಬಂದು, 'ಶಾಲೆಯಲ್ಲಿ ರಾಜಕೀಯ ಯಾಕೆ?' ಅಂತ ಜಗಳ ಮಾಡಿದರು. ನನ್ನ ಬಾಯಿಂದ ಮಾತೇ ಬರಲಿಲ್ಲ. ನೀವೆಲ್ಲ ಏನು ಹೇಳುತ್ತೀರಿ?

ಲೈಬ್ರರಿ ನೋಡಿಕೊಳ್ಳುವವಳು

ಮೊದಲೇ ಹೇಳಿಬಿಡುವುದು ನನ್ನ ದಾರಿ. ಪಾಠಕ್ಕೆ ಒಂದು ವಾರ ಮುಂಚೆ ಒಂದು ಪುಟದ ಪತ್ರ ಮನೆಗೆ ಹೋಗುತ್ತದೆ. ಏನು ಓದುತ್ತೇವೆ, ಏನು ಎಣಿಸುತ್ತೇವೆ, ಮಕ್ಕಳನ್ನು ಏನು ಕೇಳುವುದಿಲ್ಲ ಅಂತ ಬರೆದಿರುತ್ತದೆ. ಆ ಮೂರನೆಯದು ಓದಿದ ಮೇಲೆ ಅರ್ಧ ಜನರ ಆತಂಕ ಕಡಿಮೆ ಆಗುತ್ತದೆ.

ಯಾವ ಆಧಾರ ಅಂತ ಕೇಳಿದರೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ತೋರಿಸಿ. 2ನೇ ವಿಧಿ ಯಾವ ಮಗುವಿಗೂ ತಾರತಮ್ಯ ಆಗಬಾರದು ಅನ್ನುತ್ತದೆ. 29ನೇ ವಿಧಿ ಶಿಕ್ಷಣದ ಗುರಿಗಳಲ್ಲೇ ಸಹನೆ, ಹೆಣ್ಣು ಗಂಡಿನ ಸಮಾನತೆಯನ್ನು ಸೇರಿಸಿದೆ.

ಮಕ್ಕಳಿಗಾದರೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಅವರ ಕಥೆ ಹೇಳಿ. 1948ರ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಮೊದಲ ಸಾಲಿನ ಇಂಗ್ಲಿಷ್ ಪದಕ್ಕೆ 'ಗಂಡಸರೆಲ್ಲ' ಅಂತಲೂ ಅರ್ಥ ಬರುತ್ತಿತ್ತು. ಅವರು ಹಟ ಹಿಡಿದು 'ಮನುಷ್ಯರೆಲ್ಲ' ಎಂದು ಬದಲಾಯಿಸಿದರು. ಎರಡೂ ಸಾಲನ್ನು ಬೋರ್ಡಿನ ಮೇಲೆ ಬರೆದು, 'ಮೊದಲನೆಯದರಲ್ಲಿ ಯಾರು ಹೊರಗೆ ಉಳಿಯಬಹುದಿತ್ತು?' ಅಂತ ಕೇಳಿ ಸುಮ್ಮನೆ ನಿಲ್ಲಿ. ಒಂದು ಪೀರಿಯಡ್ ಸಾಲುವುದಿಲ್ಲ.

ನಿವೃತ್ತ ಹೆಡ್‌ಮೇಷ್ಟ್ರು

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಆ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲಮ್ಮ.

ಅವನ ಹತ್ತಿರ ಒಬ್ಬರೇ ಹೋಗಿ ತಪ್ಪಾಯ್ತು ಅನ್ನಿ. ಎಲ್ಲರ ಮುಂದೆ ಬೇಡ. ಅಣಕಿಸಿದವರ ಜೊತೆ ಬೇರೆಯಾಗಿ ಮಾತಾಡಿ. ಇದು ಪಾಠಕ್ಕಿಂತ ಮೊದಲು ಆಗಬೇಕು.

ಆಮೇಲೆ ಜಿಗ್ಸಾ ಪದ್ಧತಿ ಮಾಡಿ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳನ್ನು ಮೊದಲ ಸಲ ಒಂದೇ ಕ್ಲಾಸಿಗೆ ಸೇರಿಸಿದಾಗ ಜಗಳಗಳಾದವು. ಎಲಿಯಟ್ ಆ್ಯರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಕ್ಲಾಸುಗಳನ್ನು ನೋಡಿ, ಮಕ್ಕಳು ಒಬ್ಬರನ್ನೊಬ್ಬರು ಮೀರಿಸಲು ಕೈ ಎತ್ತುವುದೇ ಜಗಳಕ್ಕೆ ಎಣ್ಣೆ ಹಾಕುತ್ತಿದೆ ಅಂತ ಕಂಡುಕೊಂಡರು. ಪಾಠವನ್ನು ಐದಾರು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಅವರ ತುಂಡು ಬೇರೆ ಯಾರಲ್ಲೂ ಇಲ್ಲ. ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ಓದಿ ಅಭ್ಯಾಸ ಮಾಡುತ್ತಾರೆ. ಆಮೇಲೆ ತಮ್ಮ ಗುಂಪಿಗೆ ಹೋಗಿ ಹೇಳಿಕೊಡುತ್ತಾರೆ. ಅಣಕಿಸುತ್ತಾ ಕೂತರೆ ಅಣಕಿಸಿದವನಿಗೇ ಪಾಠ ಸಿಗುವುದಿಲ್ಲ.

ಆ ಅಭ್ಯಾಸದ ಹೊತ್ತನ್ನು ಕಡಿಮೆ ಮಾಡಬೇಡಿ. ಭಾಷೆ ತಡವರಿಸುವ ಮಗುವಿಗೆ ಧೈರ್ಯ ಬರುವುದು ಅಲ್ಲಿ. ಸಮಾಜ ಮೇಷ್ಟ್ರು ಹೇಳಿದ ಬಸ್ಸಿನ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಾಲ್ವಿನ್, ಪಾರ್ಕ್ಸ್, ಕರಪತ್ರ, ನಡೆದ ಜನ, ಕೋರ್ಟು. ಐದು ತುಂಡು ಆಗಲೇ ಇದೆ.

ಆರನೇ ಕ್ಲಾಸ್ ಟೀಚರ್

ಐದು ವಾರದ ನಂತರ ಬರೆಯುತ್ತಿದ್ದೇನೆ. ಸರ್ ಹೇಳಿದಂತೆ ಮೊದಲು ಹುಡುಗನ ಹತ್ತಿರ ಹೋದೆ. ಆಟದ ಪೀರಿಯಡ್‌ನಲ್ಲಿ, ಒಬ್ಬನೇ ಇದ್ದಾಗ. "ಅವತ್ತು ನಿನ್ನನ್ನು ಕೇಳದೆ ಎಬ್ಬಿಸಿದ್ದು ನನ್ನ ತಪ್ಪು" ಅಂದೆ. ಅವನು ತಲೆ ಆಡಿಸಿ ಆಡಲು ಹೋದ. ಅಷ್ಟೇ. ಅಣಕಿಸಿದ ಇಬ್ಬರು ಅವರಾಗಿಯೇ ಒಪ್ಪಿಕೊಂಡರು.

ಎಂಟು ಪೀರಿಯಡ್‌ನಲ್ಲಿ ಎಲ್ಲವೂ ಆಗಲಿಲ್ಲ. ಕಪಾಟು ಎಣಿಸಿದೆವು, ಬಸ್ಸಿನ ಕಥೆಯನ್ನು ಜಿಗ್ಸಾ ಮಾಡಿದೆವು, ಟೇಪು ಹಿಡಿದು ಹೊರಗೆ ಹೋದೆವು. ನಕ್ಷೆಗೆ ಸಮಯ ಸಿಗಲಿಲ್ಲ. ವಿಜ್ಞಾನಿಯ ಚಿತ್ರ ಬರೆಸಿದೆ, 34ರಲ್ಲಿ 9 ಹೆಂಗಸರು ಬಂದರು.

ಜಿಗ್ಸಾದಲ್ಲಿ ಅವನಿಗೆ ಕರಪತ್ರದ ತುಂಡು ಕೊಟ್ಟೆ. ಅಭ್ಯಾಸದ ಗುಂಪಿನಲ್ಲಿ ಬರೀ ಕೇಳಿಸಿಕೊಂಡ. ತನ್ನ ಗುಂಪಿಗೆ ಹೋದಾಗ ಎರಡು ಸಲ ನಿಲ್ಲಿಸಿದ. ಅಣಕಿಸಿದವರಲ್ಲಿ ಒಬ್ಬ ಅದೇ ಗುಂಪಿನಲ್ಲಿದ್ದ. "ನಿಧಾನ ಹೇಳೋ, ಬರ್ಕೋಬೇಕು" ಅಂದ. ಇವನು ನಿಧಾನವಾಗಿ ಹೇಳಿದ. ಕ್ಲಾಸಿನಲ್ಲಿ ಇನ್ನೂ ಕೈ ಎತ್ತುತ್ತಿಲ್ಲ. ಆದರೆ ಗುಂಪಿನಲ್ಲಿ ಮಾತಾಡುತ್ತಾನೆ.

ಇಳಿಜಾರು ಅಳೆದಾಗ 1:7 ಬಂತು. ಸೂಚನಾ ಫಲಕ ಎಷ್ಟು ಎತ್ತರದಲ್ಲಿದೆ ಅಂದರೆ ಕೆಳಗಿನ ಕ್ಲಾಸಿನವರಿಗೆ ಕಾಣುವುದೇ ಇಲ್ಲ. ಅದೂ ಒಂದೇ ಭಾಷೆಯಲ್ಲಿದೆ. ಇದನ್ನು ಹೇಳಿದ್ದು ಅವನಲ್ಲ, ಮೂರನೇ ಬೆಂಚಿನ ಹುಡುಗಿ. ಮಕ್ಕಳು ಅಳತೆಯ ಪಟ್ಟಿ ಸಮೇತ ಪತ್ರ ಬರೆದು ಆಫೀಸಿಗೆ ಕೊಟ್ಟಿದ್ದಾರೆ. ಫಲಕವನ್ನು ಕೆಳಗಿಳಿಸಿದರು. ಇಳಿಜಾರಿಗೆ ಹಣ ಬೇಕು, ನೋಡೋಣ ಅಂದಿದ್ದಾರೆ. ಮಕ್ಕಳು ಪ್ರತಿ ಸೋಮವಾರ ಹೋಗಿ ಕೇಳುತ್ತಿದ್ದಾರೆ.

ಗಣಿತ ಮೇಡಂ, ಬಾಗಿಲು ಮತ್ತು ನಲ್ಲಿ ಅಳೆಯಲು ನೀವು ಬಳಸುವ ಹಾಳೆ ಇದ್ದರೆ ಕಳಿಸುತ್ತೀರಾ? ಮುಂದಿನ ವಾರ ಶೌಚಾಲಯ ಅಳೆಯಬೇಕು ಅಂತ ಮಕ್ಕಳೇ ಕೇಳಿದ್ದಾರೆ.

ಗಣಿತ ಮೇಡಂ

ಇವತ್ತು ರಾತ್ರಿ ಹಾಕುತ್ತೇನೆ. ಶೌಚಾಲಯಕ್ಕೆ ಹೋಗುವಾಗ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅನ್ನುವುದನ್ನೂ ಬರೆದುಕೊಳ್ಳಲು ಹೇಳಿ. ಒಳಕ್ಕೆ ತೆರೆದರೆ ಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಹಾಕಲು ಆಗುವುದಿಲ್ಲ.